ಒರಿಜಿನಲ್ ಥರದ್ದೇ ಗಾಜು

ಕೆಟ್ಟ ವಸ್ತುವನ್ನು ಕಂಪನಿಯವರ ಕೈಗೆ ಕೊಟ್ಟವನು ಕೆಟ್ಟ. ಇದು ನನ್ನ ಸಿದ್ಧಾಂತ. ಹಿಂದೂಪುರದಂಥ ಹಿಂದೂಪುರದಲ್ಲಿ ರಿಪೇರಿ ಮಾಡುವವರಿಗೇನು ಬರವೇ? ಹುಣಸೆಹಣ್ಣಿನ ಮಂಡಿಯ ಗುಮಾಸ್ತನಾದ ಈ ನರೇಂದ್ರ ಬದುಕಿರುವವರೆಗೆ ನಮ್ಮ ಮನೆಯ ಯಾವ ಯಂತ್ರವೂ ಸರ್ವಿಸ್ ಸೆಂಟರಿನ ಹೊಸ್ತಿಲು ತುಳಿಯಕೂಡದು ಎಂದು ಮದುವೆಯಾದ ಹೊಸದರಲ್ಲೇ ಪ್ರತಿಜ್ಞೆ ಮಾಡಿದ್ದೆ. ಮಾಡಿ ಪಾಲಿಸಿಯೂ ಇದ್ದೆ. ನಮ್ಮ ಮಿಕ್ಸಿಯನ್ನು ಸೈಕಲ್ ಅಂಗಡಿಯವನು ಸರಿಮಾಡಿದ್ದಾನೆ. ಅದಕ್ಕೀಗ ಎರಡೇ ವೇಗ. ಒಂದು ಸುಮ್ಮನಿರುವುದು, ಇನ್ನೊಂದು ಕಟ್ಟೆಯಿಂದ ಹಾರುವುದು. ಫ್ಯಾನನ್ನು ಸ್ವತಃ ನಾನೇ ಬಿಚ್ಚಿ ಕೂರಿಸಿದೆ. ಗಾಳಿ ಈಗ ಮೇಲಕ್ಕೆ ಹೋಗುತ್ತದೆ. ನಮ್ಮ ಮನೆಯ ಸೂರಿನಷ್ಟು ತಣ್ಣಗಿರುವ ಸೂರು ಇಡೀ ಬೀದಿಯಲ್ಲಿ ಇನ್ನೊಂದಿಲ್ಲ.

"ಈ ಮನೇಲಿ ನಿಮ್ಮ ಕೈಗೆ ಸಿಕ್ಕಿ ರಿಪೇರಿ ಆಗ್ದೆ ಉಳ್ಕಂಡಿರೋಳು ನಾನೊಬ್ಳೇ ಕಣ್ರಿ" ಎಂದು ನನ್ನ ಹೆಂಡತಿ ಪದ್ಮಲತಾ ಆಗಾಗ ಹೇಳುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ಎಣಿಸಿದ್ದೆ.

ಪದ್ಮಲತಾ ನೇಕಾರರ ಮನೆಯವಳು. ತವರು ಕಲ್ಯಾಣದುರ್ಗ. ರೇಷ್ಮೆ ಸೀರೆಗಳ ಸೆರಗು, ಅಂಚುಗಳ ಚಿತ್ರ ಬರೆಯುವುದು ಅವಳ ಕಸುಬು. ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಿದ್ದಳು, ಈಗ ಟ್ಯಾಬ್ ಮೇಲೆ, ಅದಕ್ಕೆಂದೇ ಇರುವ ಪೆನ್ನಿನಲ್ಲಿ ಬರೆಯುತ್ತಾಳೆ. ಅವಳು ಬರೆದ ನವಿಲು, ಮಾವಿನಕಾಯಿ, ಬಳ್ಳಿಗಳೆಲ್ಲ ಎಲ್ಲೆಲ್ಲೋ ನೇಯ್ಗೆಯಾಗಿ, ಯಾರ್ಯಾರದೋ ಅಂಗಡಿಯ ಹೆಸರಿನಲ್ಲಿ ಮಾರಾಟವಾಗಿವೆ. ತವರಿನ ಮಗ್ಗಕ್ಕೆ ಮಾತ್ರ ಅವಳ ಒಂದು ಚಿತ್ರವೂ ಏರಿರಲಿಲ್ಲ. ಕಾರಣ ನಮ್ಮ ಅತ್ತೆ ರಾಮಕ್ಕ. "ಗಾಜಿನ ಮೇಲೆ ಗೀಚೋದು ಒಂದು ಕಸುಬೇನಮ್ಮ? ದಾರ ಮುಟ್ದೋರಿಗೆ ಸೀರೆ ಗೊತ್ತಾಯ್ತದೆ" ಎನ್ನುವುದು ಆಕೆಯ ತೀರ್ಮಾನ.

ಅಂಥ ಅತ್ತೆ ಈ ಸಲ ಒಪ್ಪಿದ್ದರು. ಪದ್ಮಲತಾಳ ತಂಗಿ ಪ್ರಮೀಳಾಳ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯನ್ನು ಮನೆಯ ಮಗ್ಗದಲ್ಲೇ ತಮ್ಮ ಚೌಡೇಶ ನೇಯುವುದು, ಸೆರಗಿನ ಚಿತ್ರ ಅಕ್ಕನದು. ಅರಗಿನ ಬಣ್ಣದ ನೆಲ, ಅದರ ಮೇಲೆ ಎದುರುಬದುರು ಕೂತ ಎರಡು ಜರಿಯ ಗಿಳಿಗಳು. ಅದನ್ನು ಬರೆಯುವಾಗ ಅವಳು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. "ಇದು ಸರಿಯಾಗಿ ಬಂದ್ರೆ ಅಮ್ಮನ ಬಾಯಲ್ಲಿ ಒಂದು ಒಳ್ಳೆ ಮಾತು ಕೇಳ್ತೀನಿ ಕಣ್ರಿ. ಅಷ್ಟೇ ಸಾಕು ನಂಗೆ" ಎಂದಿದ್ದಳು.

ಮದುವೆ ಕೆಲಸಕ್ಕೆಂದು ಅವಳು ಕಲ್ಯಾಣದುರ್ಗಕ್ಕೆ ಹೊರಟಾಗ ಟ್ಯಾಬನ್ನು ಮನೆಯಲ್ಲೇ ಬಿಟ್ಟಳು. ಬಸ್ಸಿನ ನೂಕುನುಗ್ಗಲಲ್ಲಿ ಅದು ಒಡೆದರೆ ಎಂಬ ಭಯ. ಮನೆಯಲ್ಲಾದರೆ ಭದ್ರ ಎಂದುಕೊಂಡಳು, ಪಾಪ.

"ಚೌಡೇಶ ಮಗ್ಗಕ್ಕೆ ಹಾಸಿನ ದಾರ ಏರಿಸಿದ ಕೂಡ್ಲೇ ಫೋನ್ ಮಾಡ್ತೀನಿ. ಈ ಚಿತ್ರ ತೆಗೀರಿ, ಇಲ್ಲಿ ಒತ್ರಿ, ನಮ್ಮ ಮದುವೆ ಗ್ರೂಪಿಗೆ ಬತ್ತದೆ. ಬೇರೆ ಏನೂ ಮುಟ್ಬೇಡಿ."

"ನಾನೇನು ಮಗುವೇನೇ?"

"ಮಗು ಆಗಿದ್ರೆ ಹೇಳ್ತಿರ್ಲಿಲ್ಲ. ಮೇಲಕ್ಕೆ ಎತ್ತಿಟ್ಟು ಹೋಯ್ತಿದ್ದೆ."

ಭಾನುವಾರ ಬಂತು. ಮಂಡಿಯಿಂದ ತಂದಿದ್ದ ಮನೆಖರ್ಚಿನ ಹುಣಸೆಹಣ್ಣು ಮೂಲೆಯಲ್ಲಿ ಬಿದ್ದಿತ್ತು. ಹೆಂಡತಿ ಬರುವಷ್ಟರಲ್ಲಿ ಬೀಜ ಬಿಡಿಸಿಟ್ಟು ಶಹಭಾಸ್ ಅನ್ನಿಸಿಕೊಳ್ಳೋಣ ಎಂದು ನಡುಮನೆಯಲ್ಲಿ ಕಲ್ಲು ಹಾಕಿಕೊಂಡು, ಮರದ ಕೊಡತಿ ಹಿಡಿದು ಕೂತೆ. ಸುಮ್ಮನೆ ಕುಟ್ಟುವುದು ಬೇಸರ. ಕ್ರಿಕೆಟ್ ಬೇರೆ ನಡೆದಿತ್ತು. ನನ್ನ ಫೋನಿನ ಪರದೆ ಸಣ್ಣದು, ಟ್ಯಾಬಿನದು ದೊಡ್ಡದು. ಅದನ್ನು ತಂದು ಕಲ್ಲಿಗೇ ಒರಗಿಸಿದೆ. ಕಣ್ಣು ಆಟದ ಮೇಲೆ, ಕೈ ಹುಣಸೆಯ ಮೇಲೆ. ಕೊನೆಯ ಓವರು. ಚೆಂಡು ಮೇಲೆದ್ದಿತು, ನಾನೂ ಅರ್ಧ ಎದ್ದೆ, ಕೊಡತಿಯೂ ಎದ್ದಿತು. ಚೆಂಡು ಎಲ್ಲಿ ಬಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊಡತಿ ಮಾತ್ರ ಟ್ಯಾಬಿನ ಮೇಲೆ ಬಿತ್ತು.

ಗಾಜು ಪುಡಿ. ಒಳಗೆ ಹಸಿರು ಗೆರೆ, ಕಪ್ಪು ಗೆರೆ, ಆಮೇಲೆ ಕತ್ತಲೆ. ಆ ಗಿಳಿಗಳು ಅದರೊಳಗೆ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ.

ಹುಣಸೆಬೀಜಗಳ ನಡುವೆಯಿಂದ ಗಾಜಿನ ಚೂರು ಆರಿಸುತ್ತಿರುವಾಗಲೇ ಫೋನು ಬಂತು.

"ರೀ, ಹಾಸು ಏರಿಸ್ಬುಟ್ಟವ್ನೆ ಚೌಡೇಶ. ನಾಳೆ ಬೆಳಿಗ್ಗೆ ಪೂಜೆ ಮಾಡಿ ಸೆರಗಿಂದ್ಲೇ ಶುರು ಅಂತಾವ್ರೆ ಅಮ್ಮ. ಚಿತ್ರ ಕಳಿಸ್ರಿ."

"ಈಗಲೇನಾ?"

"ಯಾಕೆ, ಏನು ಮಾಡ್ತಿದೀರಿ?"

"ಹುಣಸೆಹಣ್ಣು ಕುಟ್ತಿದೀನಿ. ಕೈಯೆಲ್ಲ ಅಂಟು. ತೊಳ್ಕೊಂಡು ಸಾಯಂಕಾಲದೊಳಗೆ ಕಳಿಸ್ತೀನಿ."

"ಒಳ್ಳೇದಾಯ್ತು. ಅಂಟು ಕೈಲಿ ಮಾತ್ರ ಅದನ್ನ ಮುಟ್ಬೇಡಿ, ಗ್ಲಾಸು ಹಾಳಾಯ್ತದೆ."

ಆ ಕ್ಷಣದಲ್ಲಿ ನನ್ನ ಪ್ರತಿಜ್ಞೆ ಸಣ್ಣಗೆ ಅಲುಗಾಡಿತೆಂಬುದನ್ನು ಮುಚ್ಚಿಡುವುದಿಲ್ಲ. ಕಂಪನಿಗೇ ಫೋನು ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಮಾತಾಡಿದಳು. ಬೆಂಗಳೂರಿಗೆ ತನ್ನಿ, ಅಸಲಿ ಪರದೆ ತರಿಸಬೇಕು, ವಾರದ ಮೇಲಾಗಬಹುದು, ಹೊರಗಡೆ ಎಲ್ಲೂ ಬಿಚ್ಚಿಸಬೇಡಿ ಸಾರ್, ಎಂದಳು. ಹೊರಗಡೆ ಬಿಚ್ಚಿಸಬೇಡಿ ಎಂದ ಕೂಡಲೇ ನನ್ನ ಸಿದ್ಧಾಂತ ಎದ್ದು ಕೂತಿತು. ಇದೇ ತಾನೇ ಕಂಪನಿಯವರ ಮೋಸ! ಟ್ಯಾಬನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಎದುರಿನ ಜಯಚಂದ್ರನ ಮೊಬೈಲ್ ಅಂಗಡಿಗೆ ಓಡಿದೆ.

ಜಯಚಂದ್ರ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದೇನು ಸಾರ್, ಸುತ್ತಿಗೇಲಿ ಹೊಡೆದಂಗೈತೆ?"

"ಕೈಜಾರಿ ಬಿತ್ತು. ಪರದೆ ಇದೆಯೋ ಇಲ್ಲವೋ ಹೇಳು."

"ಒರಿಜಿನಲ್ ಇಲ್ಲ ಸಾರ್. ಒರಿಜಿನಲ್ ಥರದ್ದೇ ಐತೆ."

"ಎರಡಕ್ಕೂ ಏನು ವ್ಯತ್ಯಾಸ?"

"ನೋಡೋಕೇನೂ ಇಲ್ಲ."

"ಗ್ಯಾರಂಟಿ?"

"ನೇನು ಉನ್ನಾನು ಕದಾ ಸಾರ್" ಎಂದು ಎದೆ ಮುಟ್ಟಿಕೊಂಡ. ನಾನಿದ್ದೇನಲ್ಲ ಎನ್ನುವುದೇ ಅವನ ಗ್ಯಾರಂಟಿ.

ಒಳಗಿನ ಚಿತ್ರ ಹೋದರೆ ನಾನು ಸಂಸಾರ ಸಮೇತ ಹೋದಂತೆ ಎಂದು ಅವನಿಗೆ ಎರಡೆರಡು ಸಲ ಹೇಳಿದೆ. ಅವನು ಪಾಸ್‌ವರ್ಡ್ ಕೇಳಿದ, ಕೊಟ್ಟೆ. ಹೇರ್ ಡ್ರೈಯರಿನಿಂದ ಬಿಸಿಗಾಳಿ ಊದಿ ಗಾಜು ಎಬ್ಬಿಸಿದ, ಏನನ್ನೋ ಕಿತ್ತ, ಏನನ್ನೋ ಅಂಟಿಸಿದ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಅಂಟು ಒಣಗಲೆಂದು ಬಿಸಿಲಿಗಿಟ್ಟ. ನಮ್ಮ ಅತ್ತಿಗೆ ಸಂಡಿಗೆ ಒಣಗಿಸುವುದೂ ಹೀಗೆಯೇ. ಕೊನೆಗೆ ಗುಂಡಿ ಒತ್ತಿದಾಗ ಬೆಳಕು ಬಂತು. ಗಿಳಿಗಳು ಕ್ಷೇಮವಾಗಿದ್ದವು. ನನ್ನ ಕಣ್ಣಲ್ಲಿ ನೀರೇ ಬಂತು. ಆ ಸಂತೋಷದಲ್ಲಿ ಪೆನ್ನು ತೆಗೆದು ಒಂದು ಗೀರು ಹಾಕಿ ನೋಡಿದೆ. ಮೂಡಲಿಲ್ಲ.

"ಈ ಗ್ಲಾಸು ಪೆನ್ನು ತಗಳಲ್ಲ ಸಾರ್. ಬೆರಳು ಕೊಟ್ಟವ್ನಲ್ಲ ದೇವ್ರು" ಎಂದ ಜಯಚಂದ್ರ.

ಪೆನ್ನಿನ ವಿಷಯ ಆಮೇಲೆ ನೋಡಿಕೊಂಡರಾಯಿತು, ಮೊದಲು ಇವತ್ತಿನ ಪ್ರಾಣ ಉಳಿಯಲಿ ಎಂದು ಮನೆಗೆ ಬಂದೆ.

ಚಾಪೆಯ ಮೇಲೆ ಟ್ಯಾಬನ್ನಿಟ್ಟು ಲೋಟದಲ್ಲಿ ನೀರು ಕುಡಿಯುತ್ತಿದ್ದೆ. ಯಾರೂ ಮುಟ್ಟದೆಯೇ ಅದರಲ್ಲಿ ಹಾಡು ಶುರುವಾಯಿತು. ನಿಂತಿತು. ಗಡಿಯಾರ ತೆರೆದು ಮುಚ್ಚಿತು. ಏನಪ್ಪಾ ಇದು ಎಂದು ಬಗ್ಗಿ ನೋಡಿದರೆ ಕ್ಯಾಮೆರಾ ತೆರೆದುಕೊಂಡು ನನ್ನ ಮೂಗಿನ ಹೊಳ್ಳೆಯ ಫೋಟೊ ತೆಗೆಯಿತು. ಜಯಚಂದ್ರನಿಗೆ ಫೋನು ಮಾಡಿದೆ.

"ಅದು ಗೋಸ್ಟ್ ಟಚ್ ಸಾರ್. ತನ್ನಷ್ಟಕ್ಕೆ ತಾನೇ ಒತ್ಕಂತದೆ. ಇಂಥ ಗ್ಲಾಸಲ್ಲಿ ಕಾಮನ್ನು."

"ಕಾಮನ್ನು ಅಂತ ಮೊದಲೇ ಯಾಕೆ ಹೇಳಲಿಲ್ಲ ಮಾರಾಯ?"

"ನೀವು ಕೇಳ್ನೇ ಇಲ್ವಲ್ಲ ಸಾರ್. ಬಿಸಿ ಆದ್ರೆ ಜಾಸ್ತಿ ಮಾಡ್ತದೆ. ತಣ್ಣಗೆ ಗಾಳಿಗೆ ಇಡ್ರಿ."

ಫ್ಯಾನಿನ ಕೆಳಗಿಟ್ಟೆ. ನಮ್ಮ ಫ್ಯಾನಿನ ಗಾಳಿ ಎಲ್ಲಿಗೆ ಹೋಗುತ್ತದೆಂದು ಆಗಲೇ ಹೇಳಿದ್ದೇನೆ.

ಅಷ್ಟರಲ್ಲಿ ಪದ್ಮಲತಾಳ ಎರಡನೇ ಫೋನು. "ಕೈ ತೊಳಿಯೋಕೆ ಪೆನ್ನಾ ನದಿಗೇನಾದ್ರೂ ಹೋಗಿದ್ರಾ? ಅಮ್ಮ ಆಗ್ಲೇ 'ನೋಡಮ್ಮ, ನಿನ್ನ ಗಾಜಿನ ಹಲಗೆ ಕೈಕೊಡ್ತು' ಅಂತ ಶುರು ಮಾಡವ್ರೆ."

ಇನ್ನು ತಡ ಮಾಡುವಂತಿಲ್ಲ. ದೇವರನ್ನು ನೆನೆದು ಗಿಳಿಗಳ ಚಿತ್ರ ತೆಗೆದೆ. ನಾನು ಒಂದು ಕಡೆ ಒತ್ತಿದರೆ ಅದು ಇನ್ನೊಂದು ಕಡೆ ಒತ್ತುತ್ತಿತ್ತು. ಚಿತ್ರ ಹಿಗ್ಗಿತು, ಕುಗ್ಗಿತು, ತಲೆಕೆಳಗಾಯಿತು. ಹಠ ಹಿಡಿದ ಕೂಸಿನ ಬಾಯಿಗೆ ಔಷಧಿ ಹಾಕುವವನಂತೆ ಒಂದು ಕೈಯಲ್ಲಿ ಅದನ್ನು ಅದುಮಿ, ಇನ್ನೊಂದು ಕೈಯಲ್ಲಿ ಕಳಿಸುವ ಗುಂಡಿಗೆ ಬೆರಳು ಒಯ್ದೆ. ನನ್ನ ಬೆರಳು ತಾಗುವ ಮುಂಚೆಯೇ ಅದೇ ಕಳಿಸಿಬಿಟ್ಟಿತು.

"ಬಂತು ಕಣ್ರಿ" ಎಂದಳು ಪದ್ಮಲತಾ. ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಬಹಳ ಕಾಲವಾಗಿತ್ತು. "ಚೌಡೇಶ ಮಗ್ಗದ ಕಂಪ್ಯೂಟರಿಗೆ ಹಾಕೋಕೆ ತಗಂಡು ಹೋದ. ನೀವೂ ಪರವಾಗಿಲ್ಲ."

ಪರವಾಗಿಲ್ಲ ಅನ್ನಿಸಿಕೊಂಡವನು ಮೀಸೆ ತಿರುವುತ್ತ ಟ್ಯಾಬಿನ ಕಡೆ ನೋಡಿದೆ. ಅದು ತನ್ನಷ್ಟಕ್ಕೆ ತಾನೇ ಎಡಗಡೆಯ ಗಿಳಿಯನ್ನು ದೊಡ್ಡದು ಮಾಡಿ ತೋರಿಸುತ್ತಿತ್ತು. ಗಿಳಿಯ ಕೆನ್ನೆಯ ಮೇಲೆ ಒಂದು ಚುಕ್ಕೆ. ಉಗುರಿನಲ್ಲಿ ಕೆರೆದೆ, ಹೋಗಲಿಲ್ಲ. ಜರಿಯ ಬಣ್ಣ ಅಳಿಸಿಹೋಗಿ, ಒಳಗಿನ ಅರಗಿನ ಬಣ್ಣ ಕಾಣುತ್ತಿತ್ತು. ಆ ಪಿಶಾಚಿ ಎಲ್ಲೋ ನಡುವೆ ಚಿತ್ರದ ಮೇಲೂ ಬೆರಳಾಡಿಸಿತ್ತು. ನಾನು ಕಳಿಸಿದ್ದು ಆ ಚುಕ್ಕೆಯ ಗಿಳಿಯನ್ನೇ.

ಗ್ರೂಪಿನಿಂದ ಅಳಿಸಿಬಿಡೋಣ ಎಂದು ಚಿತ್ರವನ್ನು ಹಿಡಿದೆ. ಎಲ್ಲರಿಗೂ ಅಳಿಸುವುದೋ, ನಿಮಗೆ ಮಾತ್ರವೋ ಎಂದು ಅದು ಕೇಳಿತು. ನಾನು ಉತ್ತರ ಹೇಳುವ ಮೊದಲೇ ತಾನೇ ಉತ್ತರ ಕೊಟ್ಟುಕೊಂಡು, ನನಗೆ ಮಾತ್ರ ಅಳಿಸಿತು. ಈಗ ಆ ಚುಕ್ಕೆ ಇಡೀ ಬಂಧುಬಳಗದ ಫೋನಿನಲ್ಲಿತ್ತು, ನನ್ನ ಕೈಗೆ ಮಾತ್ರ ಸಿಗುವಂತಿರಲಿಲ್ಲ.

ನೇಯ್ಗೆಗೆ ಇಳಿದ ಜರಿಯನ್ನು ಬಿಚ್ಚಿದರೆ ಜರಿಯೂ ಹೋಗುತ್ತದೆ, ರೇಷ್ಮೆಯೂ ಹೋಗುತ್ತದೆ. ಅಷ್ಟು ನನಗೂ ಗೊತ್ತು. ಹೇಗಾದರೂ ಮಾಡಿ ಮಗ್ಗ ನಿಲ್ಲಿಸಬೇಕು. ನಿಜ ಹೇಳಲು ಧೈರ್ಯವಿಲ್ಲ. ಯೋಚಿಸಿ ಯೋಚಿಸಿ ಒಂದು ಉಪಾಯ ಹೊಳೆಯಿತು. ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಫೋನು ಹಚ್ಚಿದೆ.

"ಪದ್ಮಾ, ನಾಳೆ ಮಗ್ಗ ಶುರುಮಾಡಬೇಡಿ. ಅಮಾವಾಸ್ಯೆ."

"ರೀ, ಒಂದ್ಸಲ ಆಚೆ ಬಂದು ಆಕಾಶ ನೋಡ್ರಿ."

ಬಂದು ನೋಡಿದೆ. ಮೂಡಣದಲ್ಲಿ ಊಟದ ತಟ್ಟೆಯಷ್ಟಗಲ ಚಂದ್ರ ಹುಟ್ಟಿದ್ದ.

"ನಿಮಗೆ ಬಿಸಿಲು ಹೊಡೆದೈತೆ. ಮಜ್ಜಿಗೆ ಕುಡ್ದು ಮಲಕ್ಕಳಿ" ಎಂದು ಅವಳು ಫೋನಿಟ್ಟಳು.

ಬೆಳಗಾಗುತ್ತಲೇ ಮಂಡಿಗೆ ರಜೆ ಹೇಳಿ ಬಸ್ಸು ಹತ್ತಿದೆ. ನೇಯುವಷ್ಟರಲ್ಲಿ ಹೋಗಿ ಮುಟ್ಟಿದರೆ, ಪದ್ಮಲತಾಳ ಕಾಲಿಗೆ ಬಿದ್ದಾದರೂ ಚುಕ್ಕೆ ತೆಗೆಸಬಹುದು. ಅದಕ್ಕಾಗಿ ಟ್ಯಾಬನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೆ. ಅದನ್ನು ಆಫ್ ಮಾಡಿಯೇ ಒಯ್ಯಬೇಕೆಂದು ಬಹಳ ಹೆಣಗಾಡಿದೆ. ಆರಿಸಲೇ ಎಂದು ಅದು ಕೇಳುತ್ತಿತ್ತು, ಬೇಡ ಎಂದು ಅದೇ ಒತ್ತಿಕೊಳ್ಳುತ್ತಿತ್ತು. ಹಾಗೇ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಪೆನುಕೊಂಡದಲ್ಲಿ ಬಸ್ಸು ಬದಲಿಸಿದ ಮೇಲೆ ಬಿಸಿಲೇರಿತು, ಬ್ಯಾಗು ಬಿಸಿಯಾಯಿತು, ಒಳಗಿನಿಂದ ಒಬ್ಬ ಹೆಂಗಸಿನ ದನಿ ಕೇಳಿಸಿತು. "ಕ್ಷಮಿಸಿ, ನೀವು ಹೇಳಿದ್ದು ನನಗೆ ಅರ್ಥವಾಗಲಿಲ್ಲ."

ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನನ್ನು, ಬ್ಯಾಗನ್ನು ನೋಡಿದಳು. "ಎವರಯ್ಯಾ ಲೋಪಲ?"

ಒಳಗೆ ಯಾರೂ ಇಲ್ಲಮ್ಮ, ಯಂತ್ರ ಎಂದೆ. ಅಜ್ಜಿ ನಂಬದೆ ಎದ್ದುಹೋಗಿ ಬೇರೆ ಸೀಟಿನಲ್ಲಿ ಕೂತಳು. ಬಸ್ಸೋ, ಸಿಕ್ಕ ಸಿಕ್ಕ ಕಡೆಯೆಲ್ಲ ನಿಲ್ಲುತ್ತಿತ್ತು. ಕುರಿಮಂದೆ ಅಡ್ಡ ಬಂದಾಗ ಡ್ರೈವರು ಇಳಿದು ಬೀಡಿ ಸೇದಿದ. ನಾನು ಒಳಗೊಳಗೇ ಬೇಯುತ್ತಿದ್ದೆ. ಪದ್ಮಲತಾ ಊಟ ಬಿಟ್ಟು ಬರೆದ ಗಿಳಿಗಳು ಅವಳ ತವರಿನಲ್ಲಿ, ಅವಳ ತಾಯಿಯ ಕಣ್ಣೆದುರು, ನನ್ನಿಂದ ಹಾಳಾಗುತ್ತಿವೆ ಎಂದು ನೆನೆದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕಲ್ಯಾಣದುರ್ಗದಲ್ಲಿ ಇಳಿದು ಓಡಿದೆ. ಅತ್ತೆಯ ಬೀದಿಯ ತಿರುವಿನಲ್ಲೇ ಮಗ್ಗದ ಸದ್ದು ಕೇಳಿಸಿತು.

ಒಳಗೆ ಮನೆಮಂದಿಯೆಲ್ಲ ಮಗ್ಗದ ಸುತ್ತ ನಿಂತಿದ್ದರು. ನನ್ನ ಭಾವಮೈದುನ ಚೌಡೇಶ ನೇಯುವುದನ್ನು ನಿಲ್ಲಿಸಿ ಎದ್ದು ನಿಂತ. "ಬನ್ನಿ ಬಾವ. ಇದೇನು, ಹೇಳ್ದೆ ಕೇಳ್ದೆ ಬಂದ್ಬುಟ್ರಿ?"

ನಾನು ನೇರ ಮಗ್ಗದ ಕಡೆ ನುಗ್ಗಿದೆ. ಮಗ್ಗದ ಮೇಲೆ ಸೆರಗು ಗೇಣಗಲ ಇಳಿದಿತ್ತು. ಎರಡು ಗಿಳಿಗಳು ಬಂಗಾರದಂತೆ ಹೊಳೆಯುತ್ತಿದ್ದವು. ಎಡಗಡೆಯ ಗಿಳಿಯ ಕೆನ್ನೆಯ ಮೇಲೆ ಹೆಸರುಕಾಳಿನಷ್ಟು ಚುಕ್ಕೆ. ಅದನ್ನೇ ನೋಡುತ್ತ ಪದ್ಮಲತಾ ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ರಾಮಕ್ಕ ಕನ್ನಡಕ ಏರಿಸಿ, ಬಗ್ಗಿ, ಆ ಚುಕ್ಕೆಯ ಮೇಲೆ ಬೆರಳಿಟ್ಟರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಪದ್ದೂ" ಎಂದರು ಅತ್ತೆ. "ನಾನು ಏನೋ ಅಂದ್ಕಂಡಿದ್ದೆ ಕಣಮ್ಮ. ಗಾಜಿನ ಮೇಲೆ ಗೀಚೋಳಿಗೆ ಇದೆಲ್ಲ ಎಲ್ಲಿ ಗೊತ್ತಿರ್ತದೆ ಅಂತ. ಗಿಳಿ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಿದ್ದೀಯಲ್ಲೇ."

ಚುಕ್ಕೆಯ ಮೇಲಿನ ಬೆರಳು ತೆಗೆಯದೆಯೇ ಆಕೆ ಮಾತು ಮುಂದುವರಿಸಿದರು.

"ನಮ್ಮವ್ವ ಧಾರೆ ಸೀರೆ ನೇಯ್ವಾಗ ಬೇಕು ಅಂತ್ಲೇ ಎಲ್ಲಾದ್ರೂ ಒಂದ್ಕಡೆ ತಪ್ಪು ಮಾಡೋಳು. ಚೆಂದದ ಸೀರೆಗೆ ಕಣ್ಣು ಬೀಳ್ತದೆ, ಉಟ್ಟೋಳಿಗೂ ಬೀಳ್ತದೆ ಅನ್ನೋಳು. ಬೆಳಿಗ್ಗೆ ಚೌಡೇಶ 'ಇದೇನು ಚುಕ್ಕೆ, ತೆಗೀಲಾ' ಅಂದ. ಮುಟ್ಬೇಡ ಕಣ್ಲಾ, ನಮ್ಮ ಪದ್ದು ತಿಳ್ದು ಇಟ್ಟವಳೆ ಅಂದೆ." ಮಾತು ಮುಗಿಸಿ ರಾಮಕ್ಕ ಮಗಳ ಕೆನ್ನೆ ಸವರಿ ನೆಟಿಕೆ ಮುರಿದರು. "ನೀನು ನೇಕಾರರ ಮಗಳೇ ಕಣಮ್ಮ."

ಪದ್ಮಲತಾಳ ಕಣ್ಣು ತುಂಬಿ ಬಂದವು. ಆ ಚುಕ್ಕೆ ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ನನ್ನ ಕಡೆ ನೋಡಿದಳು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಬುದ್ಧಿ ಇರುವ ಯಾವ ಗಂಡಸಾದರೂ ನೀರು ಕೇಳಿ ಕುಡಿದು ಮೂಲೆಯಲ್ಲಿ ಕೂರುತ್ತಿದ್ದ. ಆದರೆ ಇಷ್ಟು ಹೊತ್ತು ಕುತ್ತಿಗೆಗೆ ಸುತ್ತಿಕೊಂಡಿದ್ದ ಹಗ್ಗ ಹೂವಿನ ಹಾರವಾದಾಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಹೇಳಬಾರದು ಅಂದುಕೊಂಡಿದ್ದೆ" ಎಂದು ಗಂಟಲು ಸರಿಮಾಡಿಕೊಂಡೆ. "ಆ ಬೊಟ್ಟು ನಾನೇ ಇಟ್ಟಿದ್ದು. ಕಳಿಸುವ ಮುಂಚೆ ನೋಡಿದೆ. ಇಷ್ಟು ಚೆಂದದ ಗಿಳಿಗೆ ಒಂದು ದೃಷ್ಟಿಬೊಟ್ಟಾದರೂ ಬೇಡವೇ ಅನ್ನಿಸಿತು."

"ಅಳಿಯಂದ್ರಾ?" ರಾಮಕ್ಕ ಬೆರಗಾಗಿ ಮೂಗಿನ ಮೇಲೆ ಬೆರಳಿಟ್ಟರು. "ಹುಣಸೆಹಣ್ಣಿನ ಮಂಡಿಯವ್ರಿಗೆ ಇಷ್ಟು ಗ್ಯಾನ ಐತಾ?"

"ಏನೋ, ನಿಮ್ಮ ಆಶೀರ್ವಾದ."

ಪದ್ಮಲತಾ ನನ್ನನ್ನು ದಿಟ್ಟಿಸುತ್ತಲೇ ಇದ್ದಳು. ಅಷ್ಟರಲ್ಲಿ ಚೌಡೇಶನ ಫೋನು ಟಿಣ್ ಎಂದಿತು. ಅವನು ನೋಡಿ ಹುಬ್ಬು ಗಂಟಿಕ್ಕಿದ.

"ಅಕ್ಕ, ಇನ್ನೊಂದು ಚಿತ್ರ ಕಳಿಸಿದ್ದೀಯಾ? ಇದ್ರಾಗೆ ಗಿಳಿಗೆ ಮೀಸೆ ಐತೆ."

"ನಾನಾ? ನಾನು ಇಲ್ಲೇ ನಿಂತಿದ್ದೀನಲ್ಲೋ."

ಟಿಣ್. ಈ ಸಲ ಮನೆಯಲ್ಲಿದ್ದ ಎಲ್ಲರ ಫೋನುಗಳೂ ಒಟ್ಟಿಗೆ ಕೂಗಿದವು. ಮದುಮಗಳು ಪ್ರಮೀಳಾ ತನ್ನ ಫೋನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಕ್ಕ, ಗ್ರೂಪಿಗೆ ಯಾರ್ದೋ ಮೂಗು ಬಂದೈತೆ. ಗಂಡಿನ ಮನೇರೂ ಅವ್ರೆ ಆ ಗ್ರೂಪಲ್ಲಿ." ಫೋಟೊ ನೋಡಿದಳು, ತಲೆಯೆತ್ತಿ ನನ್ನ ಮುಖ ನೋಡಿದಳು. "ಬಾವಂದಿದ್ದಂಗೈತೆ."

ನನ್ನ ಬ್ಯಾಗಿನೊಳಗಿಂದ ಹೆಂಗಸಿನ ದನಿ ಬಂತು. "ಕ್ಷಮಿಸಿ, ಮತ್ತೊಮ್ಮೆ ಹೇಳಿ."

ಪದ್ಮಲತಾ ಬಂದು ಬ್ಯಾಗಿಗೆ ಕೈಹಾಕಿ ಟ್ಯಾಬನ್ನು ಹೊರಗೆಳೆದಳು. ಬಿಸಿಗೆ ಅಂಟು ಬಿಟ್ಟು ಗಾಜು ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. ಒಳಗೆ ಗಿಳಿಗಳ ಮೇಲೆ ಗೆರೆಗಳು ತಮ್ಮಷ್ಟಕ್ಕೆ ತಾವೇ ಮೂಡುತ್ತಿದ್ದವು. ಅವಳು ಪೆನ್ನು ತೆಗೆದು ಒಂದು ಗೀರು ಹಾಕಿದಳು. ಬರಲಿಲ್ಲ. ಇನ್ನೊಂದು ಹಾಕಿದಳು. ಬರಲಿಲ್ಲ.

"ಏನು ಮಾಡಿದ್ರಿ?"

ಹೇಳಿದೆ. ಕೊಡತಿಯಿಂದ ಹಿಡಿದು ಅಮಾವಾಸ್ಯೆಯವರೆಗೆ ಎಲ್ಲವನ್ನೂ ಹೇಳಿದೆ. ಮಂಗಳಾರತಿ ಎತ್ತುತ್ತಾಳೆ ಎಂದುಕೊಂಡಿದ್ದೆ, ಎತ್ತಲಿಲ್ಲ. ಪೆನ್ನನ್ನು ಮುಚ್ಚಿ ಟ್ಯಾಬಿನ ಪಕ್ಕದಲ್ಲಿಟ್ಟಳು. "ಇದು ನನ್ನ ಕೈ ಕಣ್ರಿ. ಕೈ ಮುರಿದ್ರೆ ನನ್ನ ಕೇಳ್ದೇ ಯಾರ ಹತ್ರ ಕಟ್ಟಿಸ್ಕಂಡು ಬಂದ್ರಿ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ನನ್ನ ಹತ್ತಿರ ಏನೂ ಇರಲಿಲ್ಲ.

"ನಾಳೆನೇ ಬೆಂಗಳೂರಿಗೆ ಒಯ್ಯುತ್ತೇನೆ. ಕಂಪನಿಯವರ ಹತ್ತಿರವೇ" ಎಂದೆ. ಇಷ್ಟು ವರ್ಷದ ಸಿದ್ಧಾಂತ ಅತ್ತೆಯ ಮನೆಯ ನಡುಮನೆಯಲ್ಲಿ ಹೀಗೆ ಪ್ರಾಣ ಬಿಟ್ಟಿತು.

"ಒಯ್ರಿ. ವಾರ ಆದ್ರೂ ಸರಿ, ತಿಂಗಳಾದ್ರೂ ಸರಿ, ಅಲ್ಲೇ ಕೂತಿದ್ದು ತಗಂಡು ಬನ್ನಿ."

ರಾಮಕ್ಕ ಇದನ್ನೆಲ್ಲ ಕೇಳುತ್ತ ನಿಂತಿದ್ದವರು ಮತ್ತೆ ಮಗ್ಗದ ಕಡೆ ತಿರುಗಿದರು. ಗಿಳಿಯ ಕೆನ್ನೆ ನೋಡಿದರು. ಆಕೆಯ ಮುಖ ಗಂಟಿಕ್ಕಿತು. ಬಿಚ್ಚಿಸು ಎಂದರೆ ಮುಗಿಯಿತು, ಸೆರಗೂ ಇಲ್ಲ, ಪದ್ಮಲತಾಳಿಗೆ ಈಗಷ್ಟೇ ಸಿಕ್ಕ ಒಳ್ಳೆ ಮಾತೂ ಇಲ್ಲ. ಚೌಡೇಶ ಕತ್ತರಿಯ ಕಡೆ ನೋಡಿ ತಾಯಿಯ ಕಡೆ ನೋಡಿದ.

"ಹಂಗಾದ್ರೆ ಪದ್ದೂ, ಈ ಬೊಟ್ಟು ನೀನೂ ಇಟ್ಟಿದ್ದಲ್ಲ, ಅಳಿಯಂದ್ರೂ ಇಟ್ಟಿದ್ದಲ್ಲ?"

ಪದ್ಮಲತಾ ಸೆರಗಿನಿಂದ ಕಣ್ಣೊರೆಸಿಕೊಂಡು ತಾಯಿಯ ಪಕ್ಕ ಹೋಗಿ ನಿಂತಳು. "ಅದು ಇರ್ಲಿ ಬುಡಮ್ಮ. ಪ್ರಮೀಳಂಗೆ ಒಳ್ಳೇದಾಯ್ತದೆ. ನನ್ನ ನೋಡು, ನಂಗೆ ಇಷ್ಟು ವರ್ಷ ಯಾರ ಕಣ್ಣೂ ಬಿದ್ದಿಲ್ಲ. ಮದುವೆ ಮಾಡೋವಾಗ ನೀನೇ ಒಂದು ದೃಷ್ಟಿಬೊಟ್ಟು ಹುಡುಕಿ ನನ್ನ ಜೊತೆ ಕಟ್ಟಿ ಕಳಿಸಿದ್ದೆಯಲ್ಲ. ಅಗೋ, ಖಾಲಿ ಬ್ಯಾಗು ತಬ್ಬಿಕಂಡು ನಿಂತವ್ರೆ."